ಬಿಜಾಪುರದಿಂದ ಆಗ್ರಾಕ್ಕೆ ಹೋದ ಹೊಗೆ

ಶಹಾಪುರ ತಾಲೂಕಿನ ಗೋಗಿಯಲ್ಲಿ ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫನ ಸಮಾಧಿಯಿದೆ. ಅವನ ವಂಶಜನಾದ ಎರಡನೆಯ ಇಬ್ರಾಹಿಮನು ಬಿಜಾಪುರವನ್ನು ಆಳುತ್ತಿದ್ದಾಗ ಅಲ್ಲಿ ಒಂದು ಹೊಸ ರುಚಿ ನೆಲೆಯೂರಿತ್ತು. ಅದೇ ತಂಬಾಕು. 1492ರಲ್ಲಿ ಕೊಲಂಬಸನ ಕಡೆಯವರು ಕ್ಯೂಬಾದಲ್ಲಿ, ಸುತ್ತಿದ ಎಲೆಗೆ ಕೊಳ್ಳಿಯಿಟ್ಟು ಹೊಗೆ ಸೇದುವವರನ್ನು ಕಂಡಿದ್ದರು. ಆ ಎಲೆಯನ್ನು ನಮ್ಮ ಕಡೆಗೆ ತಂದವರು ಪೋರ್ತುಗೀಸರು.

ಮೊಗಲರ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ತಂಬಾಕನ್ನೂ ರತ್ನಖಚಿತವಾದ ಸೇದುವ ಕೊಳವೆಯನ್ನೂ ಒಯ್ದು, ಸುಮಾರು 1604-05ರಲ್ಲಿ ಆಗ್ರಾದಲ್ಲಿ ಅಕ್ಬರನ ಮುಂದಿಟ್ಟನು. ಬಾದಶಹನು ಎರಡು ಮೂರು ದಮ್ಮು ಎಳೆದನು. ಆಸ್ಥಾನದ ಹಕೀಮನು ಗಾಬರಿಯಿಂದ ತಡೆದು, ನಮ್ಮ ಪಂಡಿತರು ಒಪ್ಪದ ವಸ್ತುವನ್ನು ಪರೀಕ್ಷಿಸದೆ ಸೇವಿಸಬಾರದೆಂದನು. ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಅಲ್ಲವೇ ಎಂದು ಅಸದ್ ಬೇಗನು ವಾದಿಸಿದನು. ಬಾದಶಹನು ಆ ವಾದವನ್ನು ಮೆಚ್ಚಿದನು. ಹೊಗೆಯನ್ನು ಮಾತ್ರ ರೂಢಿಮಾಡಿಕೊಳ್ಳಲಿಲ್ಲ. ಆದರೆ ಒಮ್ಮೆ ರುಚಿ ಕಂಡ ಅಮೀರರು ಮತ್ತೆ ಮತ್ತೆ ಬೇಡಿದರು; ವರ್ತಕರು ತಂದು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಚಟವು ನಿಲ್ಲಲಿಲ್ಲ.

ಹೊಸದೆಂಬ ಕಾರಣಕ್ಕೇ ಯಾವುದನ್ನೂ ತಳ್ಳಬಾರದೆಂಬ ಅಸದ್ ಬೇಗನ ಮಾತು ಸರಿಯೇ. ಪರೀಕ್ಷೆಯಾಗಲೆಂಬ ಹಕೀಮನ ಮಾತೂ ಸರಿಯೇ. ಆ ಪರೀಕ್ಷೆಗೆ ಸುಮಾರು ಮೂರೂವರೆ ಶತಮಾನ ಹಿಡಿಯಿತು. 1950ರಲ್ಲಿ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಅಂಕಿ ಅಂಶಗಳಿಂದ ತೋರಿಸಿದರು. ಅಷ್ಟರೊಳಗೆ, ನಾಲಿಗೆಯ ತೀರ್ಪೇ ಕೊನೆಯದೆಂದು ನಂಬಿದ ಎಷ್ಟೋ ತಲೆಮಾರುಗಳು ಕಳೆದುಹೋಗಿದ್ದವು.