ಹೊಳೆಯಿದ್ದಲ್ಲೆಲ್ಲ ರಾಜಧಾನಿ ಏಳದು
ನೈಲ್, ಸಿಂಧೂ ಬಯಲುಗಳನ್ನು ಕಂಡು ನಾಗರಿಕತೆ ನದಿಯ ಕೊಡುಗೆ ಎನ್ನುತ್ತೇವೆ. ಹಾಗಿದ್ದರೆ ಪಶ್ಚಿಮ ಘಟ್ಟದ ಎಡಕುಮೇರಿಯ ಕಣಿವೆಯಲ್ಲಿ ರಾಜಧಾನಿಯೊಂದು ಏಕೆ ಏಳಲಿಲ್ಲ? ನೀರಿಗಿಲ್ಲಿ ಬರವಿಲ್ಲ, ಆದರೆ ಕಡಿದಾದ ಘಟ್ಟದಲ್ಲಿ ಮಳೆಯ ನೀರು ಮಣ್ಣನ್ನೂ ಹೊತ್ತುಕೊಂಡೇ ಪಡುವಣಕ್ಕೆ ಧುಮುಕುತ್ತದೆ, ಮೆಕ್ಕಲು ನಿಲ್ಲುವುದಿಲ್ಲ. ಈ ಕಣಿವೆಯ ಕಾಡನ್ನು ಸೀಳಿ ರೈಲು ಸಾಗಿದ್ದೇ 1979ರಲ್ಲಿ, ಅದೂ ಸುರಂಗ ಸೇತುವೆಗಳ ಸಾಲು ಕಟ್ಟಿದ ಮೇಲೆ. ಹೊಯ್ಸಳರಾದರೋ ಮಲೆನಾಡಿನ ಅಂಗಡಿ ಎಂಬ ಊರಿನಿಂದ ಮೂಡಣದ ಬಯಲಿನತ್ತ ಸರಿದರು. ಅವರ ರಾಜಧಾನಿಯಾಗಿದ್ದ ಬೇಲೂರು ಯಗಚಿ ಹೊಳೆಯ ದಡದಲ್ಲೇ ಇದೆಯಲ್ಲ ಎಂದು ಆಕ್ಷೇಪಿಸಬಹುದು. ನಿಜ, ಹೊಳೆಯನ್ನು ಅಲ್ಲಗಳೆಯಲಾಗದು. ಆದರೆ ಅವರ ದೊಡ್ಡ ರಾಜಧಾನಿ ದೋರಸಮುದ್ರ ಬೆಳೆದದ್ದು ಕೆರೆಯ ಮಗ್ಗುಲಲ್ಲಿ. ಏರಿ, ತೂಬು, ಕಾಲುವೆಗಳಿಗೆ ಹೊಳೆಗಿಂತ ಹೆಚ್ಚಾಗಿ ಊರಿನ ಒಗ್ಗಟ್ಟು ಬೇಕು. ಕೆರೆ ಕಟ್ಟಿಸಿದವರಿಗೆ ಭೂಮಿ ಬಿಟ್ಟುಕೊಟ್ಟ ಕಟ್ಟುಕೊಡಗೆಯ ಶಾಸನಗಳು ಕನ್ನಡ ನಾಡಿನಲ್ಲಿ ಸಾಕಷ್ಟಿವೆ.