ಅಬಚೂರಿನಿಂದ ತೆರೆಗೆ: ಕಡಿಮೆ ಬಂಡವಾಳದ ಸಿನಿಮಾದಲ್ಲಿ ರಾಜಕೀಯ ವಿಡಂಬನೆ

ಕನ್ನಡದಲ್ಲಿ ಅಧಿಕಾರವನ್ನು ಗೇಲಿ ಮಾಡುವ ಕತೆ, ಕಾದಂಬರಿಗಳು ಸಿನಿಮಾ ಆದದ್ದು ಬಹುಮಟ್ಟಿಗೆ ಕಡಿಮೆ ಬಂಡವಾಳದಲ್ಲೇ. ಆ ಬೆಳವಣಿಗೆಯನ್ನು ಮೂಡಿಗೆರೆಯ ಕಾಫಿ ಸೀಮೆಯ ಒಂದೇ ಪುಸ್ತಕದ ಜಾಡು ಹಿಡಿದು ನೋಡಬಹುದು. 1973ರಲ್ಲಿ ಪ್ರಕಟವಾದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಿಂದ ಈವರೆಗೆ ನಾಲ್ಕು ಚಿತ್ರಗಳು ಬಂದಿವೆ. ಅವುಗಳನ್ನು ಸಾಲಾಗಿ ಇಟ್ಟು ನೋಡಿದರೆ, ದುಡ್ಡು ಎಲ್ಲಿಂದ ಬಂತು ಎಂಬುದರ ಮೇಲೆ ವ್ಯಂಗ್ಯದ ಹದವೂ ಬದಲಾಗಿರುವುದು ಕಾಣುತ್ತದೆ.

ಈ ಬಗೆಯ ಸಿನಿಮಾಕ್ಕೆ ಅದೇ ಜಿಲ್ಲೆಯಲ್ಲಿ ನೆಲ ಹದ ಮಾಡಿದ್ದು ‘ಸಂಸ್ಕಾರ’ (1970). ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಿಸಿದರು. ಸ್ಟುಡಿಯೋ ಸೆಟ್ಟಿರಲಿಲ್ಲ, ಜನಪ್ರಿಯ ತಾರೆಯರಿರಲಿಲ್ಲ. ಗಿರೀಶ ಕಾರ್ನಾಡ, ಪಿ. ಲಂಕೇಶರಂಥ ಸಾಹಿತಿಗಳೇ ಬಣ್ಣ ಹಚ್ಚಿದರು. ಸೆನ್ಸಾರ್ ಮಂಡಳಿ ತಡೆದ ಚಿತ್ರಕ್ಕೆ ಕೊನೆಗೆ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಬಂತು.

ಅದೇ ಹುಮ್ಮಸ್ಸಿನಲ್ಲಿ ಎನ್. ಲಕ್ಷ್ಮೀನಾರಾಯಣ್ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕತೆಯನ್ನು ತೆರೆಗೆ ತಂದರು. ಹಳ್ಳಿಯ ಅಂಚೆ ಕೆಲಸ ನೋಡಿಕೊಳ್ಳುವ ಬೋಬಣ್ಣನಿಗೆ ಊರವರ ಕಾಗದ ಒಡೆದು ನೋಡುವ ಚಪಲ. ಅಲ್ಲಿಂದ ಹಬ್ಬುವ ಗುಮಾನಿ, ಚಾಡಿಮಾತುಗಳೇ ಕತೆಯ ಜೀವಾಳ. ದೊಡ್ಡ ರಾಜಕೀಯವೇನೂ ಇಲ್ಲಿಲ್ಲ. ಸಣ್ಣ ಅಧಿಕಾರ ಸಣ್ಣ ಮನುಷ್ಯನ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಷ್ಟೇ ಇದೆ. ತೇಜಸ್ವಿಯವರ ವಿಡಂಬನೆ ಹೆಚ್ಚಾಗಿ ಈ ಮಟ್ಟದಲ್ಲೇ ಕೆಲಸ ಮಾಡುತ್ತದೆ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಬೇರೊಂದು ದಾರಿ ತೆರೆದಿತ್ತು. ರಕ್ತ, ಮೈಮಾಟ, ಹಗರಣಗಳನ್ನು ಮುಂದಿಟ್ಟು ಚಿಲ್ಲರೆ ಬಂಡವಾಳದಲ್ಲಿ ಚಿತ್ರ ತೆಗೆಯುತ್ತಿದ್ದ ರೋಜರ್ ಕಾರ್ಮನ್, ಇಬ್ ಮೆಲ್ಕಿಯರ್ ಬರೆದ ಸಣ್ಣಕತೆಯೊಂದನ್ನು ‘ಡೆತ್ ರೇಸ್ 2000’ (1975) ಆಗಿಸಿದರು. ಪಾಲ್ ಬಾರ್ಟೆಲ್ ನಿರ್ದೇಶನದ ಈ ಚಿತ್ರದಲ್ಲಿ ದಾರಿಹೋಕರ ಮೇಲೆ ಕಾರು ಹತ್ತಿಸಿ ಅಂಕ ಗಳಿಸುವ ಪಂದ್ಯವೇ ಸರ್ವಾಧಿಕಾರಿಯ ರಾಷ್ಟ್ರೀಯ ಹಬ್ಬ. ಸುಮ್ಮನೆ ರಕ್ತ ನೋಡಲು ಬಂದವರಿಗೂ ಅಲ್ಲಿ ರಾಜಕೀಯ ಗೇಲಿ ಪುಕ್ಕಟೆಯಾಗಿ ಸಿಗುತ್ತಿತ್ತು. ಕನ್ನಡದಲ್ಲಿ ಇದರ ಹತ್ತಿರಕ್ಕೆ ಬರುವುದು ‘ಅಂತ’ (1981). ‘ಸುಧಾ’ದಲ್ಲಿ ಧಾರಾವಾಹಿಯಾಗಿದ್ದ ಎಚ್.ಕೆ. ಅನಂತರಾವ್ ಕಾದಂಬರಿಯನ್ನು ರಾಜೇಂದ್ರಸಿಂಗ್ ಬಾಬು ಚಿತ್ರಹಿಂಸೆಯ ದೃಶ್ಯಗಳೊಂದಿಗೆ ತೆರೆಗೆ ತಂದು ವಿವಾದಕ್ಕೂ ಜನಪ್ರಿಯತೆಗೂ ಗುರಿಯಾದರು. ಆದರೆ ಅದರಲ್ಲಿ ಸಿಟ್ಟಿದೆ, ನಗುವಿಲ್ಲ.

ಅಬಚೂರಿನ ಸಂಕಲನದ್ದೇ ಕತೆಯನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ (1986) ಹಿಡಿದದ್ದು ಇದಕ್ಕೆ ತೀರಾ ಎದುರು ದಿಕ್ಕು. ಬ್ರಿಟಿಷರ ಕಾಲದಿಂದ ದುಡಿದ ಮುನಿಸಿಪಾಲಿಟಿ ಜವಾನ ತಬರನಿಗೆ ಕಾಫಿ ತೆರಿಗೆ ವಸೂಲಿಯ ಕೆಲಸ ಬೀಳುತ್ತದೆ. ವಸೂಲಾಗದ ಹಣ ಅವನ ತಲೆಗೇ ಕಟ್ಟಿ, ಪಿಂಚಣಿ ಇತ್ಯರ್ಥವಾಗದೆ ಕಡತ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಸರ್ಕಾರದ ಮೇಲೆ ತಬರನಿಗಿರುವ ಭಕ್ತಿ ಮಾತ್ರ ಕರಗುವುದಿಲ್ಲ, ವಿಡಂಬನೆ ಇರುವುದೇ ಅಲ್ಲಿ. ಹೆಂಡತಿಯ ಕೊಳೆತ ಕಾಲು ಕತ್ತರಿಸಿಕೊಡೆಂದು ಅವನು ಕಟುಕನನ್ನು ಬೇಡುವ ಘಟ್ಟ ಕಾರ್ಮನ್ ಬಳಗದ ಕೈಗೆ ಸಿಕ್ಕಿದ್ದರೆ ರಕ್ತದ ಕೋಡಿಯೇ ಹರಿಯುತ್ತಿತ್ತು. ಕಾಸರವಳ್ಳಿ ಅದರ ಭೀಕರತೆಯನ್ನು ಬೇಡಿಕೆಯಲ್ಲೇ ಉಳಿಸುತ್ತಾರೆ. ಅತ್ಯುತ್ತಮ ಚಿತ್ರ ಮತ್ತು ಅತ್ಯುತ್ತಮ ನಟ (ಚಾರುಹಾಸನ್) ರಾಷ್ಟ್ರಪ್ರಶಸ್ತಿಗಳು ಇದಕ್ಕೆ ಸಂದವು. ಆದರೂ ಒಂದು ಮಾತು ಹೇಳಲೇಬೇಕು: ಕತೆಯ ನಿರೂಪಣೆಯಲ್ಲಿರುವ ಕಿಡಿಗೇಡಿ ನಗು ಚಿತ್ರದಲ್ಲಿ ತಗ್ಗಿದೆ, ಮರುಕ ಮೇಲೆದ್ದಿದೆ. ಪ್ರಶಸ್ತಿ ಮತ್ತು ಚಿತ್ರೋತ್ಸವಗಳನ್ನು ನಂಬಿಕೊಂಡ ಅಂದಿನ ಹೊಸ ಅಲೆಗೆ ಮರುಕ ಒಗ್ಗುವಷ್ಟು ಗೇಲಿ ಒಗ್ಗುತ್ತಿರಲಿಲ್ಲ. ಅದೇ ಸಂಕಲನದಿಂದ ಬಂದ ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’ ಕೂಡ ಇದೇ ಗಂಭೀರ ಜಾಡಿನದು.

ಮುಂದೆ ಹಣದ ಮೂಲ ಬದಲಾಯಿತು. ತೇಜಸ್ವಿಯವರ ಬೇರೆ ಕೃತಿಯಿಂದ ಬಂದ ‘ಕಿರಗೂರಿನ ಗಯ್ಯಾಳಿಗಳು’ (2016) ಚಿತ್ರವನ್ನು ಸುಮನಾ ಕಿತ್ತೂರು ಮಾರುಕಟ್ಟೆಗೆಂದೇ, ಹಲವು ಪರಿಚಿತ ಮುಖಗಳೊಂದಿಗೆ ಮಾಡಿದರು. ಜಾತಿ ಜಗಳಕ್ಕೆ ಬಿದ್ದ ಗಂಡಸರನ್ನು ಊರ ಹೆಂಗಸರು ಬಗ್ಗುಬಡಿಯುವ ಈ ಕತೆಯಲ್ಲಿ ಬೈಗುಳ, ಹೊಡೆದಾಟಗಳು ಮೊದಲೇ ಇದ್ದವು. ಚಿತ್ರ ಅವನ್ನೇ ಮುಂದೆ ಮಾಡಿತು. ಕಾರ್ಮನ್ ಬಗೆಯ ಹಗರಣದ ಸಿನಿಮಾದ ಉಪಾಯವೂ ಅದೇ. ಇಲ್ಲಿ ಅದು ಮೂಲಕ್ಕೆ ದ್ರೋಹವಾಗಲಿಲ್ಲ, ಏಕೆಂದರೆ ತೇಜಸ್ವಿಯವರಿಗೂ ನಯನಾಜೂಕು ಬೇಕಿರಲಿಲ್ಲ.

ಮತ್ತೆ ಅಬಚೂರಿನ ಸಂಕಲನದಿಂದಲೇ ಹುಟ್ಟಿ 2023ರ ಮೇ ತಿಂಗಳಲ್ಲಿ ಬಿಡುಗಡೆಯಾದ ‘ಡೇರ್‌ಡೆವಿಲ್ ಮುಸ್ತಫಾ’ಕ್ಕೆ ಬಂಡವಾಳ ಹೂಡಿದವರು ತೇಜಸ್ವಿಯವರ ಓದುಗರೇ. ನಿರ್ದೇಶಕ ಶಶಾಂಕ್ ಸೋಗಾಲ್ ಅಬಚೂರಿನ ಕಾಲೇಜಿಗೆ ಬಂದ ಒಬ್ಬನೇ ಮುಸ್ಲಿಂ ಹುಡುಗನ ಸುತ್ತಲಿನ ಪೂರ್ವಗ್ರಹವನ್ನು ಅನಿಮೇಷನ್, ಕ್ರಿಕೆಟ್, ತರಲೆಗಳ ಮೂಲಕ ಹೇಳಿದರು. ನಟ ಧನಂಜಯ ತಮ್ಮ ಡಾಲಿ ಪಿಕ್ಚರ್ಸ್ ಮೂಲಕ ಚಿತ್ರವನ್ನು ಅರ್ಪಿಸಿದರು, ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು. ‘ತಬರನ ಕಥೆ’ಯಲ್ಲಿ ತಗ್ಗಿದ್ದ ನಗು ಇಲ್ಲಿ ತೆರೆಗೆ ಮರಳಿದೆ, ಆದರೆ ಮೊನೆ ಕೊಂಚ ಮೊಂಡಾಗಿದೆ. ಮೆಚ್ಚಿದ ಲೇಖಕನ ಕತೆಗೆ ಅಭಿಮಾನಿಗಳು ಹಣ ಹಾಕಿದಾಗ ಕಹಿಗಿಂತ ಅಕ್ಕರೆಯೇ ಹೆಚ್ಚಾದರೆ ಅಚ್ಚರಿಯಿಲ್ಲ.