ಗೂಢಚಾರನ ಭಂಗಿ

1963ರಲ್ಲಿ ಲಂಡನ್ನಿನ ಒಂದು ಸ್ಟುಡಿಯೋಗೆ ಶಾನ್ ಕಾನರಿ ಫೋಟೋ ತೆಗೆಸಿಕೊಳ್ಳಲು ಬಂದ. ಜೇಮ್ಸ್ ಬಾಂಡ್ ಸರಣಿಯ ಎರಡನೆಯ ಚಿತ್ರ ‘ಫ್ರಂ ರಷ್ಯಾ ವಿತ್ ಲವ್’ನ ಪೋಸ್ಟರಿಗೆ ಬೇಕಾದ ಫೋಟೋ ಅದು. ಸೂಟು ಬಂತು, ನಟ ಬಂದ, ಪ್ರಚಾರದವರೂ ಬಂದರು. ಬಾಂಡನ ವಾಲ್ಥರ್ ಪಿಪಿಕೆ ಪಿಸ್ತೂಲು ಮಾತ್ರ ಬರಲಿಲ್ಲ. ತರಬೇಕಾದವರು ಮರೆತಿದ್ದರು. ಛಾಯಾಗ್ರಾಹಕ ಡೇವಿಡ್ ಹರ್ನ್‌ಗೆ ಬಿಡುವಿನಲ್ಲಿ ಗುರಿಯಿಟ್ಟು ಹೊಡೆಯುವ ಹವ್ಯಾಸವಿತ್ತು. ಮನೆಯಲ್ಲಿದ್ದ ತನ್ನದೇ ಏರ್ ಪಿಸ್ತೂಲನ್ನು ತಂದು ಕಾನರಿಯ ಕೈಗೆ ಕೊಟ್ಟ. ಅದೂ ವಾಲ್ಥರ್ ಕಂಪನಿಯದೇ, ಎಲ್‌ಪಿ-53 ಎಂಬ ಮಾದರಿ. ಆದರೆ ಗಾಳಿಯ ಒತ್ತಡದಿಂದ ಪುಟ್ಟ ಸೀಸದ ಗುಂಡು ಹಾರಿಸುವಂಥದ್ದು. ನಳಿಗೆ ಬೇರೆ ಉದ್ದ. ಪೋಸ್ಟರ್ ಬರೆಯುವವರು ಅದನ್ನು ಮೊಟಕು ಮಾಡಿಕೊಳ್ಳಲಿ ಎಂದು ಹರ್ನ್ ಸೂಚಿಸಿದ್ದ. ಯಾರೂ ಮಾಡಲಿಲ್ಲ. ಜಗತ್ತಿನ ಅತಿ ಅಪಾಯಕಾರಿ ಗೂಢಚಾರ ಮಕ್ಕಳ ಜಾತ್ರೆಯ ಬಲೂನು ಒಡೆಯುವ ಬಂದೂಕಿನ ಅಣ್ಣನಂಥದ್ದನ್ನು ಹಿಡಿದು ಊರೂರಿನ ಗೋಡೆಗಳ ಮೇಲೆ ನಿಂತ. 2010ರಲ್ಲಿ ಅದೇ ಪಿಸ್ತೂಲು ಕ್ರಿಸ್ಟೀಸ್ ಹರಾಜಿನಲ್ಲಿ 2,77,250 ಪೌಂಡಿಗೆ ಹೋಯಿತು.

ಆಯುಧ ಸುಳ್ಳಾದರೂ ಫೋಟೋ ಕೆಲಸ ಮಾಡಿತು. ಯಾಕೆಂದರೆ ಅಲ್ಲಿ ಮಾತಾಡುವುದು ಭಂಗಿ. ಎದೆಯ ಮೇಲೆ ಅಡ್ಡಗಟ್ಟಿದ ಕೈಗಳು, ಆಕಾಶ ನೋಡುವ ನಳಿಗೆ, ನೇರ ನಮ್ಮನ್ನೇ ನೋಡುವ ಕಣ್ಣು. ಅದೇ ಪಿಸ್ತೂಲನ್ನು ಎದುರಿಗೆ ಗುರಿ ಹಿಡಿಸಿದ್ದರೆ ಆತ ಕೊಲೆಗಾರ, ಸೊಂಟದ ಪಕ್ಕಕ್ಕೆ ಇಳಿಬಿಡಿಸಿದ್ದರೆ ಬ್ಯಾಂಕಿನ ಕಾವಲುಗಾರ. ಮೇಲಕ್ಕೆತ್ತಿ ಹಿಡಿದ ಪಿಸ್ತೂಲು ಮಾತ್ರ ‘ನನಗೆ ಅವಸರವಿಲ್ಲ’ ಎನ್ನುತ್ತದೆ. ಆ ನಿರಾಳತೆಯೂ ಹುಟ್ಟುಗುಣವಾಗಿರಲಿಲ್ಲ. ಮೊದಲ ಚಿತ್ರ ‘ಡಾಕ್ಟರ್ ನೋ’ಗೆ ಮುಂಚೆ ನಿರ್ದೇಶಕ ಟೆರೆನ್ಸ್ ಯಂಗ್ ಎಡಿನ್‌ಬರೋದ ಈ ಕೂಲಿಕಾರನ ಮಗನನ್ನು ತನ್ನ ಸ್ವಂತ ದರ್ಜಿ ಆಂಟನಿ ಸಿಂಕ್ಲೇರ್‌ನಲ್ಲಿಗೆ ಕರೆದೊಯ್ದಿದ್ದ. ಹೊಸ ಸೂಟು ಮೈಗೆ ಒಗ್ಗಲಿ ಎಂದು ಅದನ್ನು ತೊಟ್ಟೇ ಮಲಗಲು ಹೇಳಿದ್ದ ಎಂಬ ಕಥೆಯೂ ಇದೆ. ಬಾಂಡನ ಈ ಠೀವಿ ಕೆಲವೇ ವರ್ಷಗಳಲ್ಲಿ ನಮ್ಮಲ್ಲಿಗೂ ಬಂತು. 1968ರ ‘ಜೇಡರ ಬಲೆ’ಯಲ್ಲಿ ದೊರೆ-ಭಗವಾನ್ ಜೋಡಿ ರಾಜಕುಮಾರ್ ಅವರನ್ನು ಸಿಐಡಿ 999 ಮಾಡಿದರು. ಪಂಚೆಯಲ್ಲೂ ಪೌರಾಣಿಕ ಕಿರೀಟದಲ್ಲೂ ನೋಡಿದ್ದ ಮುಖ ಸೂಟಿನಲ್ಲಿ ಬಂತು, ಜನ ಒಪ್ಪಿಕೊಂಡರು.

ಇವತ್ತು ಯಾವ ಊರಿನ ಸ್ಟುಡಿಯೋದಲ್ಲಾದರೂ ‘ಸ್ಪೈ ಥೀಮ್’ ಎಂದರೆ ಹೊರಬರುವ ಸಾಮಾನು ಹೆಚ್ಚುಕಡಿಮೆ ಒಂದೇ. ಬೆಲ್ಟು ಬಿಗಿದ ಉದ್ದ ಕೋಟು, ಕಣ್ಣಿನ ಮೇಲೆ ನೆರಳು ಬೀಳಿಸುವ ಹ್ಯಾಟು, ಒಂದೇ ಪಕ್ಕದಿಂದ ಬೀಳುವ ಬೆಳಕು. ಆ ಕೋಟಿಗೂ ಬೇಹುಗಾರಿಕೆಗೂ ಮೊದಲು ಸಂಬಂಧವೇ ಇರಲಿಲ್ಲ. ಟ್ರೆಂಚ್ ಕೋಟ್ ಎಂಬ ಹೆಸರೇ ಹೇಳುವಂತೆ ಅದು ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಮಳೆ ಕೆಸರಿಗೆ ತೊಟ್ಟದ್ದು. ಭುಜಪಟ್ಟಿ ಇರುವುದು ಸೈನ್ಯದ ಉಡುಪಾದ್ದರಿಂದ. 1942ರ ‘ಕಾಸಾಬ್ಲಾಂಕಾ’ದಲ್ಲಿ ಹಂಫ್ರಿ ಬೋಗಾರ್ಟ್ ಅದನ್ನು ತೊಟ್ಟು ನಿಂತ ಮೇಲೆ ಅದಕ್ಕೆ ರಹಸ್ಯದ ವಾಸನೆ ಅಂಟಿತು. ಅಲ್ಲಿ ಆತ ಗೂಢಚಾರನೂ ಅಲ್ಲ, ಒಂದು ಕ್ಲಬ್ಬಿನ ಮಾಲೀಕ.

ಗಂಡಿನ ಮಟ್ಟಿಗೆ ಇದೆಲ್ಲ ತಮಾಷೆಯಾಗಿ ಮುಗಿಯುತ್ತದೆ. ಗೂಢಚಾರಿಣಿಯ ಭಂಗಿ ಇದಕ್ಕಿಂತ ಹಳೆಯದು. ಅದರ ಹಿಂದೆ ಒಂದು ಹೆಣವೂ ಇದೆ.

ಮಾರ್ಗರೆಟಾ ಝೆಲ್ಲೆ 1876ರಲ್ಲಿ ನೆದರ್‌ಲ್ಯಾಂಡ್ಸಿನ ಲೇವಾರ್ಡನ್ ಊರಿನಲ್ಲಿ ಹುಟ್ಟಿದವಳು. ಅಪ್ಪನದು ಟೋಪಿ ಅಂಗಡಿ. ಡಚ್ ವಸಾಹತು ಸೈನ್ಯದ ಅಧಿಕಾರಿಯೊಬ್ಬನನ್ನು ಮದುವೆಯಾಗಿ ಕೆಲವು ವರ್ಷ ಜಾವಾದಲ್ಲಿದ್ದಳು. ಸಂಸಾರ ಮುರಿದು ಪ್ಯಾರಿಸ್ಸಿಗೆ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ಅಲ್ಲಿ ಆಕೆ ಮಾತಾ ಹರಿಯಾದಳು. ನಮ್ಮ ಕಿವಿಗೆ ದೇವರ ಹೆಸರಿನಂತೆ ಕೇಳಿದರೂ ಅದು ಮಲಯ್ ಭಾಷೆಯ ಪದ. ಅರ್ಥ ‘ಹಗಲಿನ ಕಣ್ಣು’, ಅಂದರೆ ಸೂರ್ಯ. ತಾನು ಮಲಬಾರ್ ತೀರದ ಜಾಫ್ನಾಪಟ್ಟಣದಲ್ಲಿ ದೇವಾಲಯದ ನರ್ತಕಿಯೊಬ್ಬಳಿಗೆ ಹುಟ್ಟಿದವಳು ಎಂದು ಹೇಳಿಕೊಂಡಳು. ಜಾಫ್ನಾ ಇರುವುದು ಶ್ರೀಲಂಕಾದಲ್ಲಿ. ಪ್ಯಾರಿಸ್ಸಿನ ಯಾವ ರಸಿಕನೂ ಭೂಪಟ ತೆಗೆದು ನೋಡಲಿಲ್ಲ. 1905ರ ಮಾರ್ಚ್ 13ರಂದು ಗಿಮೆ ಮ್ಯೂಸಿಯಂನ ಗ್ರಂಥಾಲಯವನ್ನು ದೇಗುಲದಂತೆ ಸಿಂಗರಿಸಿ, ಶಿವನ ವಿಗ್ರಹವಿಟ್ಟು, ಅದರ ಮುಂದೆ ಆಕೆಯನ್ನು ಕುಣಿಸಿದರು.

ನಮಗೆ ಇಂದು ಸಿಗುವ ಪ್ರಸಿದ್ಧ ಫೋಟೋಗಳು ಈ ಕಾಲದವು. ವಾಲೆರಿ, ರಾಯ್ಟ್‌ಲಿಂಗರ್ ಮುಂತಾದ ಸ್ಟುಡಿಯೋಗಳಲ್ಲಿ ತೆಗೆಸಿಕೊಂಡವು. ತಲೆಯ ಮೇಲೆ ಕಿರೀಟ, ಎದೆಗೆ ಹರಳು ಕೂರಿಸಿದ ಲೋಹದ ಕವಚ, ತೋಳಿಗೆ ವಂಕಿ, ಸೊಂಟದಿಂದ ಇಳಿಯುವ ತೆಳು ಬಟ್ಟೆ. ಎತ್ತಿದ ತೋಳು, ವಾಲಿದ ಕತ್ತು. ಭರತನಾಟ್ಯವನ್ನೋ ನಮ್ಮ ಗುಡಿಗಳ ಮದನಿಕೆಯರನ್ನೋ ನೋಡಿದವರಿಗೆ ಅದು ಯಾವ ಶಾಸ್ತ್ರಕ್ಕೂ ಸೇರದ ಭಂಗಿ ಎಂದು ಕೂಡಲೇ ಗೊತ್ತಾಗುತ್ತದೆ. ಆದರೂ ನನಗೆ ಆಕೆಯನ್ನು ಬರೀ ಮೋಸಗಾತಿ ಎನ್ನಲು ಮನಸ್ಸಾಗುವುದಿಲ್ಲ. ಹೊಟ್ಟೆಪಾಡಿಗೆ ತನ್ನನ್ನು ತಾನೇ ರೂಪಿಸಿಕೊಂಡ ಹೆಣ್ಣು ಅವಳು. ಕ್ಯಾಮೆರಾದ ಮುಂದೆ ಏನು ಕೇಳುತ್ತಾರೋ ಅದನ್ನು ಕೊಡಲು ಬಲ್ಲವಳು. ತನ್ನ ಫೋಟೋ, ಪತ್ರಿಕೆಯ ತುಣುಕುಗಳನ್ನು ಜೋಪಾನವಾಗಿ ಪುಸ್ತಕಗಳಲ್ಲಿ ಅಂಟಿಸಿಟ್ಟಿದ್ದಳು. ಅವು ಈಗ ಅವಳ ಹುಟ್ಟೂರಿನ ಫ್ರೀಸ್ ಮ್ಯೂಸಿಯಂನಲ್ಲಿವೆ.

ಈ ಫೋಟೋಗಳಲ್ಲಿ ಇರುವುದು ನರ್ತಕಿ. ಬೇಹುಗಾರಿಕೆಯ ಮಾತು ಬಂದದ್ದು ಹತ್ತು ವರ್ಷದ ನಂತರ. ಯುದ್ಧದ ನಡುವೆ ಆಕೆ ಜರ್ಮನರಿಂದ 20,000 ಫ್ರಾಂಕ್ ಪಡೆದದ್ದು ನಿಜ. ಬರ್ಲಿನ್ನಿನಲ್ಲಿ ಮುಟ್ಟುಗೋಲಾದ ತನ್ನ ತುಪ್ಪಳಿನ ಉಡುಪುಗಳಿಗೆ ಅದು ಪರಿಹಾರ ಎಂದಳು. ಫ್ರೆಂಚರ ಪರವಾಗಿ ಬೇಹು ಮಾಡಲೂ ಒಪ್ಪಿಕೊಂಡಿದ್ದಳು. ಆಕೆ ಯಾವುದಾದರೂ ದೊಡ್ಡ ರಹಸ್ಯ ದಾಟಿಸಿದಳು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ 1917 ಫ್ರಾನ್ಸಿಗೆ ಕೆಟ್ಟ ವರ್ಷ. ದಾಳಿಗಳು ಸೋತಿದ್ದವು, ಸೈನಿಕರು ದಂಗೆಯೆದ್ದಿದ್ದರು, ಸೋಲಿಗೆ ಒಂದು ಮುಖ ಬೇಕಿತ್ತು. ವಿದೇಶಿ, ಒಂಟಿ, ಹಲವು ಅಧಿಕಾರಿಗಳ ಗೆಳತಿ. ಜೊತೆಗೆ ಎಲ್ಲರೂ ಕಾರ್ಡುಗಳಲ್ಲಿ ನೋಡಿದ್ದ ಆ ಮೈ. ಮುಚ್ಚಿದ ಬಾಗಿಲಿನ ಸೈನಿಕ ನ್ಯಾಯಾಲಯ ಎರಡೇ ದಿನದಲ್ಲಿ ತೀರ್ಪು ಕೊಟ್ಟಿತು. ಅಕ್ಟೋಬರ್ 15ರ ಬೆಳಗ್ಗೆ ವಾನ್ಸೆನ್‌ನಲ್ಲಿ ಗುಂಡಿಟ್ಟರು. ಬಂಧನದ ಕಾಲದ ಒಂದು ಫೋಟೋ ಉಳಿದಿದೆ. ಕಿರೀಟವಿಲ್ಲ, ಒಡವೆಯಿಲ್ಲ, ನಲವತ್ತು ವರ್ಷದ ದಣಿದ ಮುಖ. ಅದನ್ನು ಯಾರೂ ಪೋಸ್ಟರ್ ಮಾಡಲಿಲ್ಲ. 1931ರಲ್ಲಿ ಹಾಲಿವುಡ್ ಮಾತಾ ಹರಿಯ ಕಥೆ ಎತ್ತಿಕೊಂಡಾಗ ಗ್ರೇಟಾ ಗಾರ್ಬೋಗೆ ತೊಡಿಸಿದ್ದು ಮತ್ತೆ ಹೊಳೆಯುವ ಶಿರಸ್ತ್ರಾಣವನ್ನೇ. ನರ್ತಕಿಯ ವೇಷ ಆ ಹೊತ್ತಿಗೆ ಗೂಢಚಾರಿಣಿಯ ಸಮವಸ್ತ್ರವಾಗಿತ್ತು.

ನಿಜವಾದ ಗೂಢಚಾರಿಣಿಗೆ ಉಡುಪು ಒದಗಿಸುವವರ ಕೆಲಸ ಇದಕ್ಕೆ ತದ್ವಿರುದ್ಧ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಸ್‌ಒಇ ಸಂಸ್ಥೆ ಫ್ರಾನ್ಸಿಗೆ ಕಳಿಸುವವರ ಬಟ್ಟೆಯನ್ನು ಫ್ರೆಂಚ್ ರೀತಿಯಲ್ಲೇ ಹೊಲಿಸುತ್ತಿತ್ತು. ಲಂಡನ್ನಿನ ಲೇಬಲ್ಲಾಗಲಿ, ಲಾಂಡ್ರಿಯ ಗುರುತಾಗಲಿ ಉಳಿಯಬಾರದು. ಗುಂಡಿ ಹೊಲಿದ ದಾರದ ಬಗೆಯೂ ತಪ್ಪಬಾರದು. ಆ ಶೃಂಗಾರದ ಗುರಿ ಒಂದೇ: ಎದುರಿಗೆ ಬಂದವನು ಎರಡನೇ ಸಲ ತಿರುಗಿ ನೋಡಬಾರದು.

1943ರ ಜೂನಿನಲ್ಲಿ ಹಾಗೆ ಹೋದವಳು ನೂರ್ ಇನಾಯತ್ ಖಾನ್. ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್. ತಂದೆ ಬರೋಡಾದ ಸಂಗೀತಗಾರ, ಸೂಫಿ ಗುರು ಇನಾಯತ್ ಖಾನ್. ಆ ಕಡೆಯಿಂದ ವಂಶದ ಬೇರು ನಮ್ಮ ಶ್ರೀರಂಗಪಟ್ಟಣದ ಟಿಪ್ಪುವಿನವರೆಗೆ ಹೋಗುತ್ತದೆ. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದವಳು, ಮೆಲುದನಿಯವಳು. ಜೊತೆಗಾರರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದ ಮೇಲೂ ಪ್ಯಾರಿಸ್ ಬಿಡದೆ, ಮನೆಯಿಂದ ಮನೆಗೆ ಪೆಟ್ಟಿಗೆ ಹೊತ್ತು ಸಂದೇಶ ಕಳಿಸಿದಳು. ಅಕ್ಟೋಬರಿನಲ್ಲಿ ಹಿಡಿದರು. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಕೊಂದರು. ಆಗ ಆಕೆಗೆ 30 ವರ್ಷ.

ನೂರ್‌ಳ ಫೋಟೋಗಳಲ್ಲಿ ಒಂದು ವಾಯುಪಡೆಯ ಸಮವಸ್ತ್ರದ್ದು. ಇನ್ನೊಂದು ಯುದ್ಧಕ್ಕೆ ಹಿಂದಿನದು: ವೀಣೆ ಹಿಡಿದು ಕುಳಿತಿದ್ದಾಳೆ, ಬೆರಳುಗಳು ತಂತಿಯ ಮೇಲಿವೆ. ಚಳಿಗೆ ಊದಿಕೊಳ್ಳುತ್ತಿದ್ದ ಅದೇ ಬೆರಳುಗಳಿಂದ ಆಕೆ ಮೋರ್ಸ್ ಕೀಲಿಯನ್ನು ಬಲವಾಗಿ ಕುಟ್ಟುತ್ತಿದ್ದಳಂತೆ. ತರಬೇತಿಯಲ್ಲಿ ಜೊತೆಯವರು ಅದಕ್ಕೇ ಒಂದು ಅಡ್ಡಹೆಸರಿಟ್ಟು ನಗುತ್ತಿದ್ದರು.